ಹುಣಸೆಹಣ್ಣಿನಲ್ಲಿ ಉಜ್ಜಿದ ಕಾಸು

ದೀಪ ಬೆಳಗಿಸಿ ಹೋದ ಮಾನ್ಯ ಅಧಿಕಾರಿಗಳೇ,

ನನ್ನ ತಮ್ಮನ ಮನೆಯ ಮೆಟ್ಟಿಲ ಮೇಲೆ ದಿನಾ ಬೆಳಿಗ್ಗೆ ಯಾರೋ ತಾಮ್ರದ ಕಾಸು ಇಟ್ಟು ಹೋಗುತ್ತಿದ್ದಾರೆ. ಕೂಗಾಟವಿಲ್ಲ, ಬೈಗುಳವಿಲ್ಲ. ಬಾಗಿಲು ತೆಗೆದರೆ ಕಾಸು, ಅಷ್ಟೇ. ತಮ್ಮ ಯೋಗಾನಂದ ಬಿಸಿಲೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಕೂಲಿಯವರ ಹಾಜರಿ-ಲೆಕ್ಕ ಬರೆಯುವವನು. ಅವನಿಗೆ ಏನಾದರೂ ಆಗಿಬಿಡುತ್ತದೆ ಎಂಬ ಭಯಕ್ಕೆ ನಾನು ನಿಮ್ಮ ಕಚೇರಿಗೂ ಬಂದಿದ್ದೆ. ಅಲ್ಲಿ ಕೇಳಿಸದ ಮಾತನ್ನು ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಿಮಗೆ ಮರೆತಿರಬಹುದು, ಶಾಲು ಹೊದಿಸಿಕೊಂಡ ಸಮಾರಂಭಗಳು ನಿಮಗೆ ಒಂದೇ ಎರಡೇ! ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಆಲೂರಿನ ಕಲ್ಯಾಣ ಮಂಟಪದಲ್ಲಿ ಹಳೆಯ ನಾಣ್ಯ ಮಾರುವ ಕಂಪನಿಯೊಂದರ ಸಭೆ ನಡೆಯಿತು. ಈಗ ಕೊಂಡರೆ ಕಾಫಿ ಕೊಯ್ಲಿನ ಹೊತ್ತಿಗೆ ಕಂಪನಿಯೇ ಎರಡರಷ್ಟು ಕೊಟ್ಟು ವಾಪಸ್ ಕೊಳ್ಳುತ್ತದೆ ಎಂದರು. ತಾವು ದೀಪ ಬೆಳಗಿಸಿ, ಮೈಕ್ ಹಿಡಿದು, "ಕಾಫಿ ರೇಟು ಏರುತ್ತೆ, ಇಳಿಯುತ್ತೆ. ಹಳೇ ನಾಣ್ಯ ಇಳಿದದ್ದನ್ನು ನಾನಂತೂ ಕಂಡಿಲ್ಲ" ಎಂದು ಅಪ್ಪಣೆ ಕೊಡಿಸಿದಿರಿ. ನಾಣ್ಯದ ವಿದ್ಯೆಯನ್ನು ತಾವು ಯಾವ ಇಲಾಖಾ ಪರೀಕ್ಷೆಗೆ ಓದಿದಿರಿ ಸ್ವಾಮಿ? ನಾಣ್ಯದ ಮೊದಲ ಪೊಟ್ಟಣವನ್ನು ನನ್ನ ತಮ್ಮನ ಕೈಗೆ ಕೊಟ್ಟವರೂ ತಾವೇ. ಆಗ ತೆಗೆದ ಫೋಟೊವನ್ನು ಅವನು ಎಸ್ಟೇಟಿನ ಸ್ಟೋರ್ ಬಾಗಿಲಿಗೆ ಅಂಟಿಸಿದ. ಸರ್ಕಾರವೇ ನಿಂತು ಕೊಡಿಸುತ್ತಿದೆ ಎಂದು ನಂಬಿ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ ಜನ ಅವನ ಮೂಲಕವೇ ಕೊಂಡರು.

ಕಂಪನಿಯವನು ಇನ್ನೊಂದು ಮಾತು ಹೇಳಿದ್ದ: "ಇದು ಲಕ್ಷ್ಮಿ ಕಣಮ್ಮ, ದೇವರ ಮನೇಲಿಟ್ಟು ಪೂಜೆ ಮಾಡಿ." ನಮ್ಮ ಕಡೆ ದೇವರ ಮನೆಗೆ ಹೋಗುವ ತಾಮ್ರ ಹುಣಸೆಹಣ್ಣು ಕಾಣದೆ ಹೋಗುವುದುಂಟೇ? ಹಬ್ಬದ ಹಿಂದಿನ ದಿನ ಲೈನಿನ ನಲ್ಲಿಯ ಮುಂದೆ ಹೆಂಗಸರೆಲ್ಲ ಕುಕ್ಕರುಗಾಲಲ್ಲಿ ಕೂತು ಬಿಂದಿಗೆ, ಚೊಂಬು, ಪಂಚಪಾತ್ರೆಗಳ ಜೊತೆಗೆ ಆ ಕಂದು ಕಾಸುಗಳನ್ನೂ ಹುಳಿ, ಉಪ್ಪು ಹಾಕಿ ತಿಕ್ಕಿದರು. ಕೆಂಪಗೆ ಕೆಂಡದ ಹಾಗೆ ಹೊಳೆದವು. ತಮ್ಮನ ಹೆಂಡತಿ ಮಾನಸ ಕೂಡ ತಿಕ್ಕಿ, ಕಳಶದ ಮುಂದಿಟ್ಟು ಕುಂಕುಮ ಹಚ್ಚಿದಳು.

ಕೊಯ್ಲಿಗೆ ಕಂಪನಿಯವನು ಬಂದ. ಒಂದು ಕಾಸನ್ನು ಕೈಯಲ್ಲಿ ಹಿಡಿದು ನೋಡಿದವನೇ ನಕ್ಕುಬಿಟ್ಟ. ಹಳೆಯ ನಾಣ್ಯಕ್ಕೆ ಬೆಲೆ ಬರುವುದೇ ಕಾಲ ಕೂರಿಸಿದ ಆ ಕಂದು ಬಣ್ಣದಿಂದಂತೆ, ಉಜ್ಜಿದ ಮೇಲೆ ಅದು ಗುಜರಿ ತಾಮ್ರವಂತೆ. ಉಜ್ಜಬೇಡಿ ಎಂದು ಮಂಟಪದಲ್ಲಿ ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ದೇವರ ಮನೆಯಲ್ಲಿಡಿ ಅಂದವನಿಗೆ ನಮ್ಮ ಹೆಂಗಸರ ಕೈ ಸುಮ್ಮನಿರುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಅವನು ಕಾರು ಹತ್ತಿ ಹೋದ. ಹೋಗಲಾಗದವನು ನನ್ನ ತಮ್ಮ. ಲೈನಿನ ಮುನಿಯಮ್ಮ ಸ್ಟೋರಿನ ಮುಂದೆ ನಿಂತು ಕೇಳಿದಳು: "ರೈಟ್ರೇ, ಆ ಕಂಪ್ನಿಯೋನು ನಂಗೇನ್ ನೆಂಟನಾ? ನಿಮ್ ಮುಖ ನೋಡಿ ತಗಂಡಿದ್ದು ಕಣ್ರೀ." ಆಮೇಲೆ ಅವಳೂ ಮಾತು ಬಿಟ್ಟಳು. ಯೋಗಾನಂದ ಹಾಜರಿ ಕರೆದರೆ ಯಾರೂ ಓಗೊಡುವುದಿಲ್ಲ, ಸುಮ್ಮನೆ ಅವನನ್ನೇ ನೋಡುತ್ತಾ ನಿಲ್ಲುತ್ತಾರೆ. ಎಲ್ಲರ ಕೈಯಲ್ಲೂ ಚಿಗುರು ಕತ್ತರಿಸುವ ಕತ್ತಿ ಇರುತ್ತದೆ. ಅದು ಅವರ ಕೆಲಸದ ಕತ್ತಿಯೇ, ನನಗೂ ಗೊತ್ತು. ಆದರೂ ಹಾಜರಿಯ ಹೊತ್ತು ಕಳೆದ ಮೇಲೆ ದಿನಾ ಅವನಿಗೆ ಫೋನ್ ಮಾಡಿ ದನಿ ಕೇಳುತ್ತೇನೆ.

ಮೆಟ್ಟಿಲ ಮೇಲೆ ಕಾಸು ಬರತೊಡಗಿದ್ದು ಆಗಲೇ. ತಮ್ಮ ಅವನ್ನು ಆರಿಸಿ ತಂದು ಹಿತ್ತಿಲ ಗೊಬ್ಬರದ ಗುಂಡಿಯಲ್ಲಿ ಹೂಳುತ್ತಾನೆ, ತೆಗೆಯುತ್ತಾನೆ, ಮತ್ತೆ ಹೂಳುತ್ತಾನೆ. ಮೊನ್ನೆ ಅಂಗೈ ಚಾಚಿ, "ಅಕ್ಕಾ, ಸ್ವಲ್ಪ ಕಪ್ಪು ಬಂದೈತೆ ನೋಡು. ಇನ್ನೊಂಚೂರು ಬುಟ್ರೆ ಮೊದಲಿನಂಗೇ ಆಯ್ತದೆ" ಅಂದ. ಕೈಯೆಲ್ಲ ಸಗಣಿ. ನನಗೆ ಅಳು ತಡೆಯಲಾಗಲಿಲ್ಲ.

ಇದನ್ನೆಲ್ಲ ನಿಮ್ಮ ಮೇಜಿನ ಮುಂದೆ ನಿಂತು ಹೇಳಿದೆ. ತಾವು ತಲೆ ಎತ್ತದೆ, "ನಾನು ಬರೀ ಅತಿಥಿ ಕಣಮ್ಮ. ಉಜ್ಜಿದ್ದು ನೀವೇ ಅಲ್ವಾ?" ಅಂದಿರಿ. ಹೌದು ಸ್ವಾಮಿ, ಉಜ್ಜಿದ್ದು ನಾವೇ. ದೇವರ ಮುಂದೆ ಕೊಳೆಯಾದದ್ದನ್ನು ಇಡಬಾರದು ಎಂದು ಕಲಿತ ಜನ ನಾವು. ನಿಮ್ಮ ಫೋಟೊ ಮಾತ್ರ ಹೊಳಪು ಕುಂದದೆ ಹಾಗೇ ಇದೆ, ಈಗ ಅದೇ ಕಂಪನಿ ಸಕಲೇಶಪುರದಲ್ಲಿ ನಡೆಸಲಿರುವ ಸಭೆಯ ಕರಪತ್ರದಲ್ಲೂ ಇದೆ. ಅಲ್ಲಿಯೂ ಅತಿಥಿಯೋ?

ನಾನು ದುಡ್ಡು ಕೇಳುತ್ತಿಲ್ಲ. ತಾವು ಬನ್ನಿ. ಲೈನಿನ ಜನರೆದುರು ನಿಂತು, "ಯೋಗಾನಂದ ಮೋಸ ಮಾಡಿದವನಲ್ಲ, ನನ್ನನ್ನು ನಂಬಿ ಮೋಸಹೋದವನು" ಎಂದು ನಿಮ್ಮ ಬಾಯಿಂದಲೇ ಹೇಳಿ. ಆ ಕರಪತ್ರದಿಂದ ನಿಮ್ಮ ಮುಖ ತೆಗೆಸಿ. ತಡ ಮಾಡಬೇಡಿ, ಕೈ ಮುಗಿಯುತ್ತೇನೆ.

ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಏನೂ ಇರಲಿಲ್ಲ. ಮಾನಸ ಖುಷಿಯಿಂದ ನನಗೆ ಫೋನ್ ಮಾಡಿ, "ನಿಂತೋಯ್ತು ಅತ್ತಿಗೆ, ಜನ ಸಮಾಧಾನ ಆಗವ್ರೆ" ಅಂದಳು. ನಾನು ಹೂಂ ಅಂದೆ. ತಮ್ಮ ಕೊಡಿಸಿದ ಲೆಕ್ಕಕ್ಕೆ ಸರಿಯಾಗಿ ಲೈನಿನ ಎಲ್ಲ ಮನೆಯ ಕಾಸೂ ಬಂದು ಮುಗಿದಿದೆ ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ವಾಪಸ್ ಕೊಡಲು ಅವರ ಹತ್ತಿರ ಇನ್ನೇನೂ ಉಳಿದಿಲ್ಲ. ಇನ್ನು ಆ ಮೆಟ್ಟಿಲಿಗೆ ಅವರೇ ಬರುತ್ತಾರೆ.

ಇಂತಿ,
ಆ ದಿನ ದೀಪ ಹಚ್ಚಲು ತಮ್ಮ ಕೈಗೆ ಬೆಂಕಿಪೊಟ್ಟಣ ಕೊಟ್ಟ ಪೆದ್ದಿ,
ಗಂಗಾಮಣಿ