ಫ್ಯಾನ್ ಆರಿಸಿದ ಅಡುಗೆಮನೆ

ಕಚೇರಿ, ಊಟದ ಬಿಡುವು
ಮಂಗಳವಾರ, ಹನ್ನೊಂದನೇ ತಾರೀಕು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ತಲೆನೋವು ಕಡಿಮೆಯಾಯಿತೇ? ಇನ್ನೂ ಇದ್ದರೆ ಮಾತ್ರೆ ನುಂಗಿ ಸುಮ್ಮನಾಗಬೇಡ, ಈ ಪತ್ರವನ್ನು ಕೊನೆಯವರೆಗೆ ಓದು. ನಾನು ಚೆನ್ನಾಗಿದ್ದೇನೆ. ಸ್ವಲ್ಪ ಊದಿಕೊಂಡಿದ್ದೇನೆ, ನೋಡಿದರೆ ನಿನ್ನ ಬೇಕರಿಯ ಬನ್ನಿಗೇ ಹೋಲಿಸುತ್ತೀಯ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅತ್ತಿಗೆಯ ಮಾತೆತ್ತಿದರೆ ಸಾಕು, "ನಿಂಗೆ ಅರ್ಥ ಆಗಲ್ಲ ಬಿಡು" ಅಂತ ಪಟ್ಟನೆ ಇಟ್ಟುಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗದು. ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ, ನಾಳೆಯೇ ಕೈಸೇರುತ್ತದೆ.

ತೀರಿಕೊಂಡ ಅತ್ತಿಗೆ ಈಗೀಗ ಸಂಜೆಯ ಹೊತ್ತು ಬೇಕರಿಯ ಒಳಕೋಣೆಗೆ ಬಂದು ನಿನ್ನ ಪಕ್ಕ ಕೂರುತ್ತಾರೆ ಅಂತ ಹೋದ ತಿಂಗಳು ಬರೆದಿದ್ದೆಯಲ್ಲ, ಓದಿ ಅತ್ತುಬಿಟ್ಟೆ. ಅಣ್ಣನಿಗೆ ಅಷ್ಟಾದರೂ ಸಮಾಧಾನ ಸಿಗಲಿ ಅಂದುಕೊಂಡೆ. ನಿನ್ನೆಯವರೆಗೂ ಹಾಗೇ ಅಂದುಕೊಂಡಿದ್ದೆ.

ನಿನ್ನೆ ಒಂದು ಹಾಸ್ಟೆಲ್ಲಿನ ಅಡುಗೆಮನೆಗೆ ಗ್ಯಾಸ್ ತಪಾಸಣೆಗೆ ಹೋಗಿದ್ದೆ. ಸರ್ಟಿಫಿಕೇಟ್ ಕೊಡುವ ಮೊದಲು ಪೈಪು, ಕವಾಟ, ಹೊಗೆ ಕೊಳವೆ ಎಲ್ಲ ನೋಡಬೇಕಲ್ಲ. ಒಲೆಗಳು ಉರಿಯುತ್ತಿದ್ದವು, ಆಳುಗಳು ಪಾತ್ರೆ ಹಿಡಿದು ಓಡಾಡುತ್ತಿದ್ದರು. ನೋಡುತ್ತಾ ನೋಡುತ್ತಾ ನನಗೆ ಒಂದು ವಿಚಿತ್ರ ಕಂಡಿತು. ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ಖಾಲಿ ಜಾಗವಿತ್ತು. ಯಾರೂ ಅದನ್ನು ತುಳಿಯುತ್ತಿರಲಿಲ್ಲ. ಎಲ್ಲರೂ ಅಲ್ಲಿಗೆ ಬಂದಾಗ ಸ್ವಲ್ಪ ಸರಿದು, ಸುತ್ತಿ ಹೋಗುತ್ತಿದ್ದರು. ಬಿಸಿ ಪಾತ್ರೆ ಹಿಡಿದವನೊಬ್ಬ "ಸ್ವಲ್ಪ ಜಾಗ ಬಿಡಮ್ಮಾ" ಅಂತ ಆ ಖಾಲಿ ಜಾಗಕ್ಕೆ ಹೇಳಿಯೇ ಮುಂದೆ ಹೋದ. ನಾನು ಗಾಳಿ ಅಳೆಯುವ ಮೀಟರಿನ ಚೀಲ ತೆರೆಯುವುದು ಬಿಟ್ಟು ನಿಂತು ನೋಡುತ್ತಿದ್ದೆ. ಆಮೇಲೆ ಕವಾಟ ನೋಡಲು ಆ ಕಡೆ ನಡೆದೆ. ಅಣ್ಣಾ, ನಿನ್ನಾಣೆ, ನಾನೂ ಸರಿದು ಸುತ್ತಿ ಹೋದೆ! ಅಲ್ಲಿನ ಗಾಳಿ ನನ್ನ ತಲೆಗೂ ಏರಿದೆ ಅಂತ ಆಗ ಹೊಳೆಯಿತು.

ಮೀಟರ್ ಹಾಕಿದ್ದೇ ತಡ, ಕಿರುಚಿಕೊಂಡಿತು. ಗ್ಯಾಸ್ ಆರಿಸಿ ಎಲ್ಲರನ್ನೂ ಬೀದಿಗೆ ಅಟ್ಟಿದೆ. ಇಂಥ ಅಡುಗೆಮನೆಗಳಲ್ಲಿ ಹೊಗೆ ಎಳೆಯುವ ಫ್ಯಾನ್ ನಿಂತರೆ ಗ್ಯಾಸೂ ತಾನಾಗಿ ನಿಲ್ಲಬೇಕು. ಇವರು ಫ್ಯಾನಿನ ಸದ್ದು ತಡೆಯಲಾರದೆ ಅದನ್ನು ಆರಿಸಿ, ಗ್ಯಾಸ್ ಮಾತ್ರ ನಿಲ್ಲದ ಹಾಗೆ ಒಂದು ತಂತಿ ಸಿಕ್ಕಿಸಿಬಿಟ್ಟಿದ್ದರು. ಗಾಳಿ ಸಾಲದ ಒಲೆ ವಿಷಗಾಳಿ ಬಿಡುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು ಬರುತ್ತದೆ, ಮಂಪರು ಕವಿಯುತ್ತದೆ, ಇಲ್ಲದವರು ಕಾಣುತ್ತಾರೆ, ಮಾತನಾಡುತ್ತಾರೆ. ಕೊನೆಗೆ ನಿದ್ದೆ ಬರುತ್ತದೆ, ಅಷ್ಟೇ. ದಪ್ಪಣ್ಣ ಅಂತ ಎಲ್ಲರೂ ಕರೆಯುವ ಮುಖ್ಯ ಅಡುಗೆಯವನು ಫುಟ್‌ಪಾತಿನ ಮೇಲೆ ಕೂತು ವಾಂತಿ ಮಾಡಿಕೊಂಡ. ಆಮೇಲೆ ಬಾಯಿ ಒರೆಸಿಕೊಂಡು, "ಫ್ಯಾನ್ ಹಾಕಿದ್ರೆ ತೊಟ್ಟಿ ಹತ್ರ ನಿಲ್ತಿದ್ದ ಅಮ್ಮ ಇನ್ನು ಬರಲ್ವಾ ಮೇಡಂ?" ಅಂತ ಕೇಳಿದ. "ಫ್ಯಾನ್ ಹಾಕಿದ್ರೆ ಅವಳ ಮಾತು ಸರಿಯಾಗಿ ಕೇಳಲ್ಲ" ಅಂತ ನೀನೂ ಬರೆದಿದ್ದೆಯಲ್ಲ ಅಣ್ಣಾ.

ನಿನ್ನ ಬೇಕರಿಯ ಸರ್ಟಿಫಿಕೇಟಿನ ಅವಧಿ ಮುಗಿದು ಯಾವ ಕಾಲವಾಯಿತು! ಕೇಳಿದರೆ "ತಂಗಿನೇ ಸರ್ಟಿಫಿಕೇಟು" ಅಂತ ಹಲ್ಲು ಕಿರಿಯುತ್ತೀಯ. ಮನೆಯವರ ಜಾಗಕ್ಕೆ ನಾನು ಸಹಿ ಹಾಕುವಂತಿಲ್ಲ. ನಾಡಿದ್ದು ನನ್ನ ಜೊತೆಗಾರ ಬರುತ್ತಾನೆ. ಸಿಡುಕ, ಸಹಿಸಿಕೋ. ಅಲ್ಲಿಯವರೆಗೆ ಒಲೆ ಹಚ್ಚಬೇಡ, ಒಳಕೋಣೆಯಲ್ಲಿ ಮಲಗಬೇಡ. ಅತ್ತಿಗೆ ಬರುವುದು ನಿಂತರೆ ನನಗೆ ಫೋನ್ ಮಾಡು, ನೀನು ಅತ್ತು ಮುಗಿಸುವವರೆಗೂ ಇಡುವುದಿಲ್ಲ.

ಅಂಗಡಿಯವರಿಗೆಲ್ಲ ನನ್ನ ನೆನಪು ಹೇಳು. ಮಕ್ಕಳು ಮಾವನಿಗೆ ಮುತ್ತು ಕಳಿಸಿದ್ದಾರೆ.

ನಿನ್ನ
ಬಾಯಿಬಡುಕಿ ತಂಗಿ

ತಾ.ಕ.: ಇದನ್ನು ಅಂಚೆಗೆ ಹಾಕಲಿಲ್ಲ. ನಿನ್ನ ಕಡೆಗೇ ಹೊರಟ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ. ಕವರ್ ಅಂಟಿಸುವಾಗ ನಿನ್ನ ಮೆಸೇಜ್ ಬಂತು: "ಅವಳಿಗೆ ಚಳಿಯಂತೆ. ಕಿಟಕಿ ಸಂದಿಗೆಲ್ಲ ಹಿಟ್ಟಿನ ಚೀಲ ತುರುಕಿದೀನಿ. ಈಗ ಆರಾಮಾಗಿ ಕೂತಿದಾಳೆ." ಆಗಿನಿಂದ ಫೋನ್ ಮಾಡುತ್ತಲೇ ಇದ್ದೇನೆ, ನೀನು ಎತ್ತುತ್ತಿಲ್ಲ. ಅಗ್ನಿಶಾಮಕದವರಿಗೆ ಹೇಳಿದ್ದೇನೆ. ನಿನ್ನ ಎದುರಿನ ಟೈಲರ್‌ಗೆ ಗಾಜು ಒಡೆಯಲು ಹೇಳಿದ್ದೇನೆ, ಅವನ ಮೇಲೆ ರೇಗಬೇಡ. ನೀನು ಇದನ್ನು ಓದುತ್ತೀಯೋ ಇಲ್ಲವೋ, ಕೈ ಸುಮ್ಮನಿರುತ್ತಿಲ್ಲ. ನಡುಗುವ ಚಳಿಯಲ್ಲೂ ಸೆಕೆ ಸೆಕೆ ಅಂತ ಕಿಟಕಿ ತೆರೆದಿಟ್ಟು ನಿನ್ನ ಹತ್ತಿರ ಬೈಸಿಕೊಳ್ಳುತ್ತಿದ್ದವರು ನಮ್ಮ ಅತ್ತಿಗೆ. ಕಿಟಕಿ ಮುಚ್ಚು ಅನ್ನುತ್ತಿರುವ ಇವಳು ಯಾರೋ ನನಗೆ ಗೊತ್ತಿಲ್ಲ. ಅವಳ ಮಾತು ಕೇಳಬೇಡ ಅಣ್ಣಾ, ಎದ್ದು ಹೊರಗೆ ಬಾ.