ಮಗುಚಿದ ದೋಣಿಯ ವಿಷಯ

ವಿನೋಬನಗರ, ಶಿವಮೊಗ್ಗ
15-2-2006

ಪೂಜ್ಯ ವಿಶ್ವಾರಾಧ್ಯರಿಗೆ ಶಾಂಭವಿ ಮಾಡುವ ನಮಸ್ಕಾರಗಳು.

ಮದುವೆಗೆ ಮುಂಚೆಯೇ ನಿಮ್ಮ ಮಗ ಉಮಾಪತಿಯವರನ್ನು ಹೊಳೆಗೆ ಕರೆದೊಯ್ದದ್ದಕ್ಕೆ ನಾನು ಕ್ಷಮೆ ಕೇಳಿ ಪತ್ರ ಬರೆಯಬೇಕೆಂದು ಭದ್ರಾವತಿಯಿಂದ ಹೇಳಿಕಳಿಸಿದ್ದೀರಿ. ಪತ್ರ ಬರೆದಿದ್ದೇನೆ. ಕ್ಷಮೆ ಕೇಳುವುದಿಲ್ಲ.

ಭಾನುವಾರ ತುಂಗೆಯ ಹಿನ್ನೀರಿನಲ್ಲಿ ಇಬ್ಬರು ಕೂರುವ ಕಯಾಕ್ ಬಾಡಿಗೆಗೆ ಪಡೆದೆವು. ಫೋಟೋ ತೆಗೆಯಲು ಅವರು ಎದ್ದು ನಿಂತರು, ದೋಣಿ ಮಗುಚಿತು. ಲೈಫ್ ಜಾಕೆಟ್ ಇದ್ದರೂ ಹೆದರಿ ನೀರು ಕುಡಿಯುತ್ತಿದ್ದರು. "ಒದ್ದಾಡ್ಬೇಡಿ, ದೋಣಿ ಹಿಡ್ಕೊಳ್ಳಿ, ನಾನಿದ್ದೀನಿ" ಎನ್ನುತ್ತಾ ಈಜಿಕೊಂಡೇ ದಡಕ್ಕೆ ಎಳೆದು ತಂದೆ.

ಮುಳುಗುತ್ತಿದ್ದ ನನ್ನನ್ನು ಅವರೇ ಉಳಿಸಿದರೆಂದು ನಿಮ್ಮ ಮನೆಯಲ್ಲಿ ಮಾತಾಗಿದೆಯಂತೆ. ನಿನ್ನೆ ಅವರು ಫೋನ್ ಮಾಡಿ, "ಸುಳ್ಳು ಹೇಳ್ಬಿಟ್ಟೆ ಮಾರಾಯ್ತಿ, ಅಪ್ಪಾಜಿ ಎದುರು ಧೈರ್ಯ ಸಾಲ್ಲಿಲ್ಲ" ಎಂದರು. ನನ್ನ ಮುಂದೆ ಒಪ್ಪಿಕೊಳ್ಳುವಷ್ಟು ಧೈರ್ಯ ಮಾಡಿದರಲ್ಲ, ಅದು ನನಗೆ ಹಿಡಿಸಿತು. ಉಳಿದದ್ದನ್ನು ನಾನೇ ನಿಮಗೆ ಹೇಳುತ್ತಿದ್ದೇನೆ, ಏಕೆಂದರೆ ಸುಳ್ಳಿನ ಮೇಲೆ ಸಂಸಾರ ಹೂಡುವ ಮನಸ್ಸು ನನಗಿಲ್ಲ.

ಇಷ್ಟು ತಿಳಿದ ಮೇಲೆ ಈ ಸೊಸೆ ಬೇಡವೆನಿಸಿದರೆ ನಿಶ್ಚಿತಾರ್ಥದ ಉಂಗುರ ಮರಳಿಸುತ್ತೇನೆ. ಬೇಕೆನಿಸಿದರೆ ಬರುವ ಭಾನುವಾರ ಬೆಳಿಗ್ಗೆ ಅವರನ್ನು ಕಳಿಸಿ, ಈಜು ಕಲಿಸುತ್ತೇನೆ. ಟವೆಲ್ಲು, ಒಂದು ಜೊತೆ ಒಣ ಬಟ್ಟೆ ಕೊಟ್ಟು ಕಳಿಸಿ. ಅವರು ಬಂದರೂ ಬಾರದಿದ್ದರೂ ನಾನಂತೂ ಹೊಳೆಗೆ ಇಳಿಯುವವಳೇ.

ಇತಿ,
ಶಾಂಭವಿ