ಅವನ ಭುಜದ ಅಳತೆಗೆ

ಮನೆ, ಹೊಲಿಗೆ ಯಂತ್ರದ ಪಕ್ಕ
ಗುರುವಾರ, ಮಾರ್ಚ್ ೧೩, ಮಧ್ಯಾಹ್ನ

ಪ್ರೀತಿಯ ಗಿಣಿ,

ಹೇಗಿದ್ದೀಯಾ? ಗಂಟಲು ಸರಿಹೋಯಿತೇ? ಮೈದಾನದಲ್ಲಿ ಮಕ್ಕಳ ಮೇಲೆ ಕೂಗಿ ಕೂಗಿ ಕಟ್ಟಿದ ಗಂಟಲು ಮಾತ್ರೆಗೆ ಬಗ್ಗುವುದಿಲ್ಲ. ಆಟದ ಟೀಚರಿಗೆ ಸೀಟಿ ಕೊಡುವುದು ಊದುವುದಕ್ಕೆ ತಾಯಿ, ಒಡವೆಯ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗುವುದಕ್ಕಲ್ಲ. ಬಿಸಿನೀರು ಕುಡಿ, ಎರಡು ದಿನ ಬಾಯಿ ಮುಚ್ಚಿಕೊಂಡಿರು. ಎರಡನೆಯದು ನಿನ್ನ ಕೈಲಾಗುವುದಿಲ್ಲ ಅಂತ ಗೊತ್ತು, ಆದರೂ ಹೇಳುವುದು ನನ್ನ ಧರ್ಮ. ಅಕ್ಕನ ಮನೆ ಅಂತ ಸಂಕೋಚಪಟ್ಟುಕೊಂಡು ಅರೆಹೊಟ್ಟೆ ಉಣ್ಣಬೇಡ. ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ನೀನು ನಂಬುವವಳಲ್ಲ, ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನನ್ನ ಬಲಭುಜ ಹಿಡಿದುಕೊಂಡಿದೆ. ಕೈ ಕಿವಿಯವರೆಗೆ ಬರುತ್ತದೆ, ಅಲ್ಲಿಂದ ಮೇಲೆ ಹೋಗು ಅಂದರೆ ಮೊಂಡು ಮಗುವಿನ ಹಾಗೆ ನಿಂತುಬಿಡುತ್ತದೆ. ತಲೆ ಬಾಚಿಕೊಳ್ಳುವುದೆಲ್ಲ ಎಡಗೈಯಲ್ಲಿ, ಬೈತಲೆ ಎತ್ತಲೋ ಹೊರಟು ಎತ್ತಲೋ ಸೇರಿರುತ್ತದೆ. ಇಷ್ಟು ವರ್ಷ ಕತ್ತರಿ ಹಿಡಿದ ಕೈ, ಮುನಿಸಿಕೊಳ್ಳುವ ಹಕ್ಕು ಅದಕ್ಕೂ ಇದೆಯಲ್ಲ.

ಭಾನುವಾರ ನಿನ್ನ ಅಕ್ಕ ಫೋನು ಮಾಡಿದ್ದಳು. ನಿನಗೆ ಹೇಳದೆ ಮಾಡಿದಳಂತೆ, ಬೈಯಬೇಡ ಅವಳನ್ನು. ನಿನ್ನ ಶಾಲೆಯ ಲೆಕ್ಕದ ಮೇಷ್ಟ್ರು ನಿನ್ನನ್ನು ಮದುವೆಯಾಗುತ್ತೇನೆ ಅಂತ ಕೇಳಿದ್ದು, ನೀನು ಹೂಂ ಅನ್ನದೆ ಊಹೂಂ ಅನ್ನದೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ದು, ಒತ್ತಾಯ ಮಾಡಿದರೆ ‘ಅತ್ತೆಯನ್ನ ಕೇಳದೆ ನಾನು ಏನೂ ಹೇಳಲ್ಲ’ ಅಂದದ್ದು, ಎಲ್ಲ ಹೇಳಿದಳು. ಆದರೆ ಅತ್ತೆಯನ್ನು ನೀನು ಕೇಳಲೇ ಇಲ್ಲವಲ್ಲ. ಇಷ್ಟು ದಿನ ಫೋನಿನಲ್ಲಿ ಬಿಸಿಲು, ಸೆಖೆ, ನಲ್ಲಿಯಲ್ಲಿ ನೀರು ಬಂತೇ ಇಲ್ಲವೇ ಅಂತ ಯಾಕೆ ಸುತ್ತಿ ಬಳಸಿ ಮಾತಾಡುತ್ತಿದ್ದೆ ಅನ್ನುವುದು ಈಗ ಅರ್ಥವಾಯಿತು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡು ಕೂತಿದ್ದೀಯಾ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ನಾನೇ ಅವಳಿಗೆ ಬರೆಯುತ್ತೇನೆ ಅಂತ ನಿನ್ನ ಅಕ್ಕನಿಗೆ ಹೇಳಿ ಫೋನು ಇಟ್ಟೆ. ಅವತ್ತಿನಿಂದ ಕಾಗದ ಮುಂದಿಟ್ಟುಕೊಂಡು ಕೂತರೆ ಕೈ ಓಡುತ್ತಿಲ್ಲ. ನೀನು ಹೂಂ ಅಂದರೆ ನನಗೆ ಅಂತ ಯಾರು ಉಳಿಯುತ್ತಾರೆ, ತಲೆಯಲ್ಲಿ ಅದೊಂದೇ. ಆ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಡಿ. ಮೊದಲು ಭುಜದ ಕಥೆ ಮುಗಿಸಿಬಿಡುತ್ತೇನೆ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳಿದ್ದಾಳೆ, ಕಡ್ಡಿಯ ಹಾಗಿದ್ದಾಳೆ, ಆದರೆ ಕೈ ಹಿಡಿದರೆ ಜೀವ ಬಾಯಿಗೆ ಬರುತ್ತದೆ. ದಿನಾ ರಾಟೆಗೆ ಕೈ ಕೊಟ್ಟು ಮೇಲೆ ಕೆಳಗೆ ಆಡಿಸಬೇಕು, ಇಲ್ಲದಿದ್ದರೆ ಭುಜ ಹೀಗೇ ಗಟ್ಟಿಯಾಗಿಬಿಡುತ್ತದೆ ಅಂದಳು. ‘ಮನೇಲಿ ರಾಟೆ ಕಟ್ಟೋಕೆ ಜಾಗ ಇದ್ಯಾ ಅಮ್ಮ?’ ಅಂತ ಕೇಳಿದಳು. ನನಗೆ ನಗು ಬಂತು. ನಡುಮನೆಯ ಅರ್ಧ ಜಾಗ ತಿಂದುಕೊಂಡು ನನ್ನ ಮಗ ಭಾರ ಎತ್ತುತ್ತಿದ್ದ ಪವರ್ ರ‍್ಯಾಕ್ ನಿಂತಿದೆಯಲ್ಲ, ನಾಲ್ಕು ಕಬ್ಬಿಣದ ಕಂಬ, ಮೇಲೊಂದು ರಾಟೆ. ಅವನು ರಾಟೆ ಕೂರಿಸಿದ ದಿನ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಡಿಪೋದಲ್ಲಿ ಹಗಲೆಲ್ಲ ಬಸ್ಸಿನ ಕೆಳಗೆ ಮಲಗಿದ್ದು ಸಾಲದು ಅಂತ ಮನೆಗೂ ಗ್ರೀಸ್ ಡಬ್ಬಿ ತಂದಿದ್ದ. ಕೇಬಲ್ ಎಳೆದು, ತುದಿಗೆ ಕ್ಲಿಪ್ ಹಾಕಿ, ಅದಕ್ಕೆ ಸಿಕ್ಕಿಸುವ ಹಿಡಿ ಯಾವುದು ತರಬೇಕು ಅಂತ ನೀವಿಬ್ಬರೂ ಶುರುಮಾಡಿದಿರಿ ನೋಡು. ಅವನು ‘ಅಗಲದ ಬಾರ್ ಮೊದಲು, ಬೆನ್ನಿಗೆ ಅದೇ ಬೇಕು’ ಅಂತ. ನೀನು ‘ಹಗ್ಗ ಮೊದಲು, ಒಂದರಲ್ಲಿ ಹತ್ತು ಥರ ಮಾಡ್ಬಹುದು’ ಅಂತ. ಅವನಿಗಿಂತ ಹೆಚ್ಚು ಭಾರ ಎತ್ತುತ್ತೀಯ ಅನ್ನುವ ಕೊಬ್ಬು ಬೇರೆ ನಿನಗೆ. ನಾನು ಇಲ್ಲಿಂದಲೇ, ಎರಡೂ ಬೇಡ, ಬಟ್ಟೆ ನೇತುಹಾಕುವುದಕ್ಕೆ ನನಗೊಂದು ಕೊಕ್ಕೆ ತನ್ನಿ ಅಂದಿದ್ದೆ. ಜಗಳ ಇತ್ಯರ್ಥವಾಗುವುದಕ್ಕೆ ಮುಂಚೆಯೇ ಆ ಲಾರಿ ಅವನನ್ನು ಕಿತ್ತುಕೊಂಡು ಹೋಯಿತು. ಎರಡು ವರ್ಷದಿಂದ ಆ ಕ್ಲಿಪ್ ಬರಿದಾಗಿಯೇ ನೇತಾಡುತ್ತಿದೆ. ನಾನು ಹೊಲಿದು ಮುಗಿಸಿದ ಬಟ್ಟೆಗಳನ್ನು ಅಡ್ಡಕಂಬಿಗೆ ಹಾಕುತ್ತೇನೆ, ಗಿರಾಕಿಗಳು ಅದನ್ನು ಬಟ್ಟೆ ಹಾಕುವ ಸ್ಟ್ಯಾಂಡ್ ಅಂದುಕೊಂಡಿದ್ದಾರೆ.

ಸರಿ, ಸೋಮವಾರ ಬೆಳಿಗ್ಗೆ ಆ ವ್ಯಾಯಾಮದ ಸಾಮಾನಿನ ಅಂಗಡಿಗೆ ಹೋದೆ. ಒಳಗೆ ಕಾಲಿಟ್ಟರೆ ಟೈರಿನ ವಾಸನೆ. ಅಂಗಡಿಯವನ ತೋಳು ನನ್ನ ಸೊಂಟದಷ್ಟು ದಪ್ಪ, ದನಿ ಮಾತ್ರ ಮೆತ್ತಗೆ. ‘ಯಾರಿಗಮ್ಮಾ?’ ಅಂತ ಕೇಳಿದ. ನನಗೆ ಅಂತ ಹೇಳುವುದಕ್ಕೆ ನಾಚಿಕೆಯಾಯಿತೋ ಏನೋ, ‘ಮಗನಿಗೆ’ ಅಂತ ಬಾಯಿಂದ ಬಂದುಹೋಯಿತು. ಅವನು ಒಂದೊಂದಾಗಿ ಗಾಜಿನ ಮೇಲೆ ಇಟ್ಟ. ಒಂದೇ ಕೈಯಲ್ಲಿ ಹಿಡಿಯುವ ಚಿಕ್ಕ ಹಿಡಿ, ನೇರ ಬಾರ್, ಎರಡು ಕೈ ಹತ್ತಿರ ತರುವ ವಿ ಆಕಾರದ್ದು, ಕಾಲಿಗೆ ಕಟ್ಟುವ ಪಟ್ಟಿ, ತುದಿಯಲ್ಲಿ ರಬ್ಬರ್ ಗಂಟು ಇರುವ ಹಗ್ಗ, ಆಮೇಲೆ ತುದಿ ಬಾಗಿದ ಅಗಲದ ಬಾರ್. ಯಾವುದಕ್ಕೆ ಯಾವುದು ಅಂತ ಅವನು ವಿವರಿಸಿದ್ದಕ್ಕೆಲ್ಲ ಕೋಲೆ ಬಸವನ ಹಾಗೆ ತಲೆಯಾಡಿಸಿದೆ. ಅಗಲದ ಬಾರು ಎತ್ತಿಕೊಂಡೆ. ಕಬ್ಬಿಣದ ಮೇಲೆ ಗೇಣು ಹಾಕುತ್ತಾ ಹೋದೆ, ಬೆರಳು ತಾನೇ ನಿಂತಿತು. ಅವನ ಅಂಗಿಗೆ ಭುಜದಿಂದ ಭುಜಕ್ಕೆ ಎಷ್ಟು ಹಿಡಿಯುತ್ತಿದ್ದೆನೋ ಅಷ್ಟಕ್ಕೆ, ಮೇಲೆ ಕೈ ಬಿಚ್ಚುವುದಕ್ಕೆ ಒಂದಿಷ್ಟು ಸಡಿಲ. ‘ಇದೇ ಅವನಿಗೆ ಸರಿ’ ಅಂದೆ. ಭಾರ ಎಷ್ಟು ಎಳೆಯುತ್ತಾನೆ ಅಂತ ಕೇಳಿದ, ಹೆಮ್ಮೆಯಿಂದ ಹೇಳಿದೆ. ‘ಒಂದ್ಸಲ ಅವರನ್ನೇ ಕರ್ಕೊಂಡು ಬನ್ನಿ, ಹಿಡಿದು ನೋಡಲಿ’ ಅಂದ. ಅವನಿಗೆ ಬಿಡುವಿಲ್ಲ ಅಂದುಬಿಟ್ಟೆ. ಸುಳ್ಳು ಹೇಳಿದೆ ಅಂತಲೂ ಆಗ ಅನ್ನಿಸಲಿಲ್ಲ ಗಿಣಿ. ದಾರಿಯುದ್ದಕ್ಕೂ ಆ ಬಾರನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಬಂದೆ, ಬಸ್ಸಿನಲ್ಲಿ ಪಕ್ಕದವರಿಗೆ ಅದರ ತುದಿ ತಗುಲಿ ಬೈಸಿಕೊಂಡೆ.

ಮನೆಗೆ ಬಂದು ಸ್ಟೂಲು ಹತ್ತಿ ಕ್ಲಿಪ್‌ಗೆ ಸಿಕ್ಕಿಸಿದೆ. ಎಡಗೈ ಒಂದು ತುದಿಗೆ ಎಟುಕಿತು. ಬಲಗೈ ಕಿವಿಯ ಹತ್ತಿರ ಬಂದು ನಿಂತುಕೊಂಡಿತು, ಇನ್ನೊಂದು ತುದಿ ಎಲ್ಲೋ ದೂರದಲ್ಲಿ. ಹಟಕ್ಕೆ ಬಿದ್ದು ಎಡಗೈಯಲ್ಲೇ ಎಳೆದೆ, ಬಾರು ಓರೆಯಾಗಿ ಬಂದು ಹಣೆಗೆ ಬಡಿಯಿತು. ಆಗ ಹೊಳೆಯಿತು ನೋಡು ನಾನು ಮಾಡಿದ್ದೇನು ಅಂತ. ಕಲಿಯಲು ಬಂದ ಹೆಣ್ಣುಮಕ್ಕಳಿಗೆಲ್ಲ, ಉಡುವವರನ್ನು ಎದುರಿಗೆ ನಿಲ್ಲಿಸಿಕೊಳ್ಳದೆ ಬಟ್ಟೆಗೆ ಕತ್ತರಿ ಹಾಕಬೇಡಿ ಅಂತ ಬೈದು ಬೈದು ಹೇಳಿದವಳು ನಾನು. ನನ್ನ ಭುಜ ನನ್ನ ಮೈಮೇಲೆಯೇ ಇತ್ತು, ಅದನ್ನು ಬಿಟ್ಟು ಎಲ್ಲೂ ಇಲ್ಲದವನ ಅಳತೆ ತೆಗೆದುಕೊಂಡು ಬಂದಿದ್ದೆ. ಅಲ್ಲೇ ರ‍್ಯಾಕಿನ ಒಳಗೆ ನೆಲದ ಮೇಲೆ ಕೂತು ಅತ್ತೆ. ಅವನು ಹೋದ ದಿನ ಮನೆ ತುಂಬ ಜನ, ಅವರನ್ನು ಸಮಾಧಾನ ಮಾಡುವುದರಲ್ಲೇ ದಿನ ಕಳೆದಿತ್ತು. ಆಮೇಲೆ ನೀನು ಊಟ ಬಿಟ್ಟೆ ಅಂತ ನಿನ್ನ ಹಿಂದೆ ತಟ್ಟೆ ಹಿಡಿದುಕೊಂಡು ತಿರುಗಿದೆ. ಇಷ್ಟು ದಿನಕ್ಕೆ ಈಗ, ಒಂದು ಕಬ್ಬಿಣದ ತುಂಡು ಹಣೆಗೆ ಬಡಿದ ಮೇಲೆ, ಮನಸ್ಸು ಬಿಚ್ಚಿ ಅತ್ತೆ. ಗಿರಾಕಿಯೊಬ್ಬಳು ಬಾಗಿಲಿಗೆ ಬಂದು, ಇಣುಕಿ, ಸದ್ದು ಮಾಡದೆ ಹಾಗೇ ವಾಪಸು ಹೋದಳು.

ಮಾರನೆಯ ದಿನ ಅದನ್ನು ಹೊತ್ತುಕೊಂಡು ಮತ್ತೆ ಅಂಗಡಿಗೆ ಹೋಗಿ, ಮಗ ಇಲ್ಲ, ಭುಜ ನನ್ನದು ಅಂತ ಇದ್ದದ್ದು ಹೇಳಿದೆ. ಆ ಗಟ್ಟಿಮುಟ್ಟಾದ ಆಳು ಬಾರನ್ನು ಒಳಗಿಟ್ಟು ಬಂದ. ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದೊಂದೇ ಹಿಡಿಯನ್ನು ನನ್ನ ಕೈಯೊಳಗೆ ಇಟ್ಟು, ನೋಯುತ್ತದಾ, ಮಣಿಕಟ್ಟು ತಿರುಚುತ್ತದಾ ಅಂತ ಕೇಳಿದ. ಚಿಕ್ಕ ಹಿಡಿ ಬೆರಳಿಗೆ ಒತ್ತಿತು, ವಿ ಆಕಾರದ್ದು ಮಣಿಕಟ್ಟನ್ನು ಹಿಂಡಿತು. ಕೊನೆಗೆ ಹಗ್ಗವೇ ಸರಿಹೋಯಿತು. ಅದು ಕೈಗೆ ಹೀಗೇ ಬಾ ಅಂತ ಹೇಳುವುದಿಲ್ಲ, ಕೈ ಹೇಗೆ ಬಂದರೆ ಹಾಗೆ ಬಾಗುತ್ತದೆ. ನನಗೆ ಎಟುಕಲಿ ಅಂತ ಮೇಲೊಂದು ಗೇಣು ಸರಪಳಿ ಸೇರಿಸಿಕೊಟ್ಟ. ಅಂತೂ ಆ ಜಗಳದಲ್ಲಿ ನೀನೇ ಗೆದ್ದೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಸುಮ್ಮನೆ ಹೇಳಿಲ್ಲ. ಗೆದ್ದೆ ಅಂತ ಅವನ ಮುಂದೆ ಬೀಗುವುದಕ್ಕೆ ಅವನಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಈಗ ದಿನಾ ಬೆಳಿಗ್ಗೆ ಹಗ್ಗ ಹಿಡಿದು ಕೆಳಗೆ ಎಳೆಯುತ್ತೇನೆ, ಬಿಡುವಾಗ ಅದು ಕೈಯನ್ನು ಮೆಲ್ಲಗೆ ಮೇಲೆ ಕರೆದುಕೊಂಡು ಹೋಗುತ್ತದೆ. ನೋವು ಇದೆ, ಆದರೆ ಕೈ ಇವತ್ತು ಕಿವಿ ದಾಟಿತು.

ಈಗ ಆ ವಿಷಯ. ನಿನ್ನ ಅಕ್ಕ ಹೇಳಿದಾಗ ನನಗೆ ಸಂತೋಷವಾಯಿತು ಅಂತ ಬರೆದರೆ ಅದು ಬೂಟಾಟಿಕೆ. ನೋಡಿಯೇ ಇಲ್ಲದ ಆ ಮೇಷ್ಟ್ರನ್ನು ಮನಸ್ಸಿನಲ್ಲಿ ಬೈದೆ, ನಿನ್ನನ್ನೂ ಬೈದೆ. ಇಷ್ಟು ಬೇಗ ಮರೆತಳಲ್ಲ ಅಂದುಕೊಂಡೆ. ಮರೆತಿದ್ದರೆ ನೀನು ಅತ್ತೆಯನ್ನು ಕೇಳಬೇಕು ಅನ್ನುತ್ತಿರಲಿಲ್ಲ ಅನ್ನುವ ಬುದ್ಧಿ ಬರುವುದಕ್ಕೆ ಎರಡು ದಿನ ಹಿಡಿಯಿತು. ನಿನ್ನಲ್ಲಿ ಅವನು ಇನ್ನೂ ಒಂದಿಷ್ಟು ಇದ್ದಾನೆ ಅಂತ ನಾನು ಅಂಟಿಕೊಂಡಿದ್ದೆ ಮಗಳೇ. ಅವನು ಹೇಗೆ ಸೀನುತ್ತಿದ್ದ, ಯಾವುದಕ್ಕೆ ಮುಖ ಕಿವುಚುತ್ತಿದ್ದ ಅನ್ನುವುದೆಲ್ಲ ನನ್ನ ಬಿಟ್ಟರೆ ಗೊತ್ತಿರುವವಳು ನೀನೊಬ್ಬಳೇ. ನೀನು ಇನ್ನೊಂದು ಮನೆಗೆ ಹೋದರೆ ಆ ಮಾತುಗಳನ್ನು ನಾನು ಯಾರ ಜೊತೆ ಆಡಲಿ ಅಂತ ಹೆದರಿಕೆ. ಹೆದರಿಕೆ ನನ್ನದು, ಅದನ್ನು ನಿನ್ನ ಕಾಲಿಗೆ ಕಟ್ಟಬಾರದು. ಮೇಷ್ಟ್ರಿಗೆ ಸಿಟ್ಟು ಜಾಸ್ತಿಯೇ, ನಿನ್ನ ಮಾತು ಪೂರ್ತಿ ಕೇಳುವಷ್ಟು ತಾಳ್ಮೆ ಇದೆಯೇ, ಅದನ್ನು ಮಾತ್ರ ವಿಚಾರಿಸಿಕೋ. ಅದಕ್ಕಿಂತ ಹೆಚ್ಚಿಗೆ ಬರೆಯಲು ಈಗ ಆಗುತ್ತಿಲ್ಲ.

ನಿನ್ನ ಅಕ್ಕನಿಗೆ, ಭಾವನಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ, ನೂರು ವರ್ಷ ಬಾಳು.

ಇಂತು ನಿನ್ನ
ಅತ್ತೆ

ಮರೆತೆ: ಪಕ್ಕದ ಮನೆಯಾಕೆ ಅಂಚೆ ಪೆಟ್ಟಿಗೆಯ ಕಡೆ ಹೊರಟು ಬಾಗಿಲಲ್ಲಿ ಕಾಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಆ ಮೇಷ್ಟ್ರಿಗೆ ಹೂಂ ಅನ್ನು. ನಾನೇ ಹೇಳುತ್ತಿದ್ದೇನೆ, ಹೂಂ ಅನ್ನು. ಒಂದು ಮಾತು. ಮೇಷ್ಟ್ರಿಗೆ ತಾಯಿ ಇದ್ದಾರಂತೆ. ಇನ್ನು ಮೇಲೆ ಅತ್ತೆ ಅಂದರೆ ಅವರು, ನೀನು ನನ್ನನ್ನು ಹಾಗೆ ಕರೆದರೆ ಅವರ ಮನಸ್ಸಿಗೆ ನೋವಾಗುತ್ತದೆ, ಕರೆಯಬೇಡ. ನನ್ನನ್ನು ಏನಂತ ಕರೆಯುವುದು ಅಂತ ತಲೆ ಕೆಡಿಸಿಕೊಂಡು ಇಲ್ಲಿಗೆ ಬರುವುದನ್ನು ಮಾತ್ರ ನಿಲ್ಲಿಸಬೇಡ. ಏನೂ ಕರೆಯದಿದ್ದರೂ ಪರವಾಗಿಲ್ಲ. ಬಾಗಿಲಲ್ಲಿ ನಿಂತು ‘ನಾನು ಬಂದೆ’ ಅನ್ನು, ಅಷ್ಟು ಸಾಕು ನನಗೆ.